ಕಾಲರಿನ ಒಳಗಿನ ನಂಬರು

ಬಟ್ಟೆಯ ಗಂಟು ಅಂಗಡಿಗೆ ಬಂದರೆ ಅಮ್ಮ ಮೊದಲು ನೋಡುವುದು ಜೇಬು. ಕೊಳೆ ಆಮೇಲೆ, ಹರಿದದ್ದು ಕಿತ್ತದ್ದು ಆಮೇಲೆ. ಒಂದೊಂದು ಅಂಗಿಯನ್ನೂ ಎತ್ತಿ, ಜೇಬಿನೊಳಗೆ ಎರಡು ಬೆರಳು ಇಳಿಬಿಟ್ಟು, ತಳದ ಹೊಲಿಗೆಯ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಸವರಿ ತೆಗೆಯುವಳು. ಸಿಕ್ಕಿದ್ದು ನೋಟಾಗಲಿ, ಬೀಗದ ಕೈಯಾಗಲಿ, ಮಡಚಿದ ಔಷಧಿ ಚೀಟಿಯಾಗಲಿ, ಕಾಗದದಲ್ಲಿ ಸುತ್ತಿ, ಆ ಮನೆಯ ನಂಬರು ಬರೆದು, ಇಸ್ತ್ರಿಯಾದ ಬಟ್ಟೆಯ ಮೇಲೆ ಪಿನ್ನು ಚುಚ್ಚಿ ವಾಪಸು ಕಳಿಸುವಳು. ಒಮ್ಮೆ ಯಾರದೋ ಕೋಟಿನಲ್ಲಿ ಕಟ್ಟಿಸಿದ ಹಲ್ಲಿನ ಸೆಟ್ಟೇ ಸಿಕ್ಕಿತ್ತು. ಅದನ್ನೂ ಹಾಗೆಯೇ ಸುತ್ತಿ ಕಳಿಸಿದ್ದಳು. ಹಲ್ಲು ಮನೆ ಸೇರುವವರೆಗೆ ಆ ಯಜಮಾನರು ಅನ್ನ ಕಿವುಚಿಕೊಂಡು ತಿಂದರಂತೆ ಎಂದು ಅಪ್ಪ ಇವತ್ತಿಗೂ ಹೇಳಿ ನಗುತ್ತಾನೆ.

ಬೀದಿಯವರು ಜೇಬು ನೋಡದೆ ಬಟ್ಟೆ ಹಾಕುತ್ತಿದ್ದುದು ಈ ಧೈರ್ಯದ ಮೇಲೆಯೇ. ಕೊಡಬೇಕಾದ ದುಡ್ಡನ್ನೂ ಎಷ್ಟೋ ಜನ ಅಂಗಿಯ ಜೇಬಿಗೇ ತುರುಕಿ ಗಂಟು ಕಟ್ಟಿಡುತ್ತಿದ್ದರು. ಅಮ್ಮ ತೆಗೆದು, ತಮ್ಮದನ್ನು ಇಟ್ಟುಕೊಂಡು, ಹೆಚ್ಚಿದ್ದರೆ ಚಿಲ್ಲರೆಯನ್ನು ಅದೇ ಜೇಬಿಗೆ ಹಾಕುತ್ತಿದ್ದಳು.

ಮನೆ ಇದ್ದದ್ದು ಅಂಗಡಿಯ ಹಿಂದೆಯೇ. ಮುಂದಿನ ಕೋಣೆಯಲ್ಲಿ ಇಸ್ತ್ರಿಯ ಮೇಜು, ನಡುವಿನದರಲ್ಲಿ ಒಗೆಯುವ ಯಂತ್ರ ಮತ್ತು ತೊಟ್ಟಿ, ಆಮೇಲೆ ಅಡುಗೆಮನೆ, ಮಲಗುವ ಜಾಗ. ಅಪ್ಪ ಇಸ್ತ್ರಿ ಮಾಡುವನು. ಅಣ್ಣ ಇಷ್ಟು ದಿನ ಅದೂ ಇದೂ ಮಾಡಿ ಯಾವುದರಲ್ಲೂ ನಿಲ್ಲದವನು. ಅತ್ತಿಗೆ ಬಸುರಿ. ಮನೆಯ ಕಿರಿಯಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಅಮ್ಮನ ಕೈಗೆ ಬಿಸಿನೀರು ಬಿದ್ದ ವರ್ಷ ಗುಬ್ಬಿ ಶಾಲೆ ಬಿಟ್ಟಳು. ಅಮ್ಮನ ಕೈ ವಾಸಿಯಾದ ಮೇಲೂ ಅವಳನ್ನು ಮತ್ತೆ ಶಾಲೆಗೆ ಕಳಿಸುವ ಮಾತು ಯಾರೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ. ಮನೆಮನೆಗೆ ಹೋಗಿ ಗಂಟು ತರುವುದು, ಇಸ್ತ್ರಿಯಾದದ್ದನ್ನು ತಲುಪಿಸುವುದು ಅವಳ ಪಾಲಿಗೆ ಬಂತು. ಕಾಲರಿನ ಒಳಮಗ್ಗುಲಿಗೆ ಅಳಿಸದ ಮಸಿಯಲ್ಲಿ ನಂಬರು ಬರೆಯುವುದೂ ಅವಳೇ. ನಾಲ್ಕು ಅಂಕಿ: ಮೊದಲಿನೆರಡು ಬೀದಿಗೆ, ಕಡೆಯೆರಡು ಮನೆಗೆ. ಮಾತು ಕಡಿಮೆಯಾದರೂ ಯಾರ ಮನೆಯ ಬಾಗಿಲನ್ನು ತಟ್ಟಬೇಕು, ಯಾರದ್ದಕ್ಕೆ ಕೆಮ್ಮಿ ನಿಂತರೆ ಸಾಕು ಎಂಬುದೆಲ್ಲ ಅವಳಿಗೆ ಗೊತ್ತಿತ್ತು.

ಅಣ್ಣನಿಗೆ ಹೊಸ ಕೆಲಸ ಸಿಕ್ಕಿದ ದಿನ ಮನೆಯಲ್ಲಿ ಎಲ್ಲರಿಗೂ ಮೊಟ್ಟೆ ಬೆಂದಿತು. ಫೋನಿನಲ್ಲೇ ದುಡ್ಡು ಕೊಡುವ ಹೊಸದೊಂದು ಕಂಪನಿ. ಕೊರಳಿಗೆ ಗುರುತಿನ ಚೀಟಿಯ ಪಟ್ಟಿ, ಬೆನ್ನಿಗೆ ಚೀಲ, ಚೀಲದ ತುಂಬ ಅಂಟಿಸುವ ಚೀಟಿಗಳು. ತನ್ನ ಪಾಲಿನ ಬೀದಿಗಳಲ್ಲಿ ಜನರನ್ನು ಇದಕ್ಕೆ ತರಬೇಕು. ತಂದರೆ ಕೆಲಸ ಖಾಯಂ, ಇಲ್ಲವಾದರೆ ಪಟ್ಟಿ ಬಿಚ್ಚಿಕೊಟ್ಟು ಮನೆಗೆ. ಅತ್ತಿಗೆ ಆ ಪಟ್ಟಿಯನ್ನು ಬೆರಳಿನಲ್ಲಿ ಮುಟ್ಟಿ ನೋಡಿ, ಹೆರಿಗೆಯ ಹೊತ್ತಿಗೆ ಖಾಯಂ ಆಗಿರುತ್ತಲ್ಲ ಎಂದು ಕೇಳಿದಳು. ಅಣ್ಣ ಆಗೇ ಆಗುತ್ತೆ ಎಂದ.

ಅಪ್ಪ ಮೊಟ್ಟೆಯನ್ನು ಎರಡು ಭಾಗ ಮಾಡುತ್ತ, "ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಹಳೇದೊಂದು ಎಲ್ಲರ ಫೋನಲ್ಲೂ ಇದೆ. ಅದನ್ನ ಬಿಟ್ಟು ನಿಂದಕ್ಕೆ ಯಾಕೆ ಬರ್ತಾರೆ?" ಎಂದ.

"ಇದು ಬೇಗ ಹೋಗುತ್ತಪ್ಪ."

"ಅದೇನು ನಡ್ಕೊಂಡು ಹೋಗುತ್ತಾ?"

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅಣ್ಣನಿಗೂ ನಗು ಬಂತು. ಆದರೆ ಎರಡು ದಿನ ಕಳೆದು, ರಾತ್ರಿ ತಟ್ಟೆ ತೊಳೆಯುವ ಹೊತ್ತಿಗೆ ಅವನು ಗುಬ್ಬಿಯ ಪಕ್ಕ ಬಂದು ನಿಂತ. ಆ ಕಂಪನಿ ಒಳ್ಳೆಯದು, ಈ ಕಂಪನಿ ಕೆಟ್ಟದ್ದು ಅಂತ ಯಾರೂ ಬದಲಾಯಿಸುವುದಿಲ್ಲ ಎಂದು ತನಗೆ ಎರಡೇ ದಿನದಲ್ಲಿ ತಿಳಿದುಹೋಗಿದೆ ಎಂದ.

"ಕೇಳಿದವರು ಯಾರು ಅಂತ ನೋಡ್ತಾರೆ, ಅಷ್ಟೇ. ನನ್ನ ಕಂಡ್ರೆ ಒಳಗಿಂದಾನೇ ಬೇಡಪ್ಪ ಅಂತಾರೆ. ನಿಂಗೆ ಬಾಗಿಲು ತೆಗೀತಾರೆ. ನೀನು ಒಂದು ಮಾತು ಹೇಳೇ."

ಗುಬ್ಬಿಗೆ ಹೇಳುವುದೆಂದರೆ ಕಷ್ಟ. ಆದರೆ ಅಣ್ಣ ಅವಳನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ತಟ್ಟೆ ಒರೆಸುತ್ತ ಹೂಂ ಎಂದಳು.

ಮೊದಲು ಹೋದದ್ದು ನರ್ಸಮ್ಮನ ಮನೆಗೆ. ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದ ಮೇಲೂ ಅವರು ಉದ್ದ ತೋಳಿನ ಬಿಳಿ ಅಂಗಿಯನ್ನೇ ಹಾಕುವರು. ಒಂಟಿ ಜೀವ, ಒಂದು ಬೆಕ್ಕು, ಕಿಟಕಿಯ ಪಕ್ಕ ಕುರ್ಚಿ. ಗುಬ್ಬಿ ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಬಾಗಿಲಲ್ಲೇ ಮರೆತುಹೋಯಿತು. ಕಡೆಗೆ, ಅಣ್ಣನಿಗೆ ಕೆಲಸ ಸಿಕ್ಕಿದೆ, ಇದನ್ನು ಫೋನಿಗೆ ಹಾಕಿಕೊಂಡರೆ ಅವನಿಗೆ ಒಳ್ಳೆಯದಾಗುತ್ತೆ ಎಂದಷ್ಟೇ ಹೇಳಿದಳು.

ನರ್ಸಮ್ಮ ಕನ್ನಡಕದ ಮೇಲಿಂದ ನೋಡಿ ನಕ್ಕರು. "ಹೊಗಳಿ ಮಾರೋಕೆ ಬರಲ್ಲ ನಿಂಗೆ. ಅದಕ್ಕೇ ಹಾಕು" ಎಂದು ಫೋನು ಕೊಟ್ಟರು.

ತೊಡಕಾದದ್ದು ದುಡ್ಡು ಕಳಿಸುವಾಗ ಒತ್ತಬೇಕಾದ ಗುಟ್ಟಿನ ನಂಬರಿನಲ್ಲಿ. ನಾಲ್ಕು ಅಂಕಿ ಬೇಕು, ಮರೆಯಬಾರದು. ನರ್ಸಮ್ಮ ಒಂದು ಹೇಳುವರು, ಮರುಗಳಿಗೆಗೆ ಮರೆಯುವರು. ಬರೆದಿಟ್ಟುಕೊಳ್ಳೋಣ ಎಂದರೆ ಚೀಟಿಯನ್ನು ಬೆಕ್ಕು ಉಳಿಸುವುದಿಲ್ಲ ಎಂದರು. ಮೇಜಿನ ಮೇಲೆ ಅವತ್ತು ತಂದ ಬಿಳಿ ಅಂಗಿಗಳ ಕಟ್ಟು ಇತ್ತು. ಮೇಲಿನ ಕಾಲರು ಸ್ವಲ್ಪ ಮಗುಚಿಕೊಂಡು ತನ್ನದೇ ಕೈಬರಹದ ನಾಲ್ಕು ಅಂಕಿ ಗುಬ್ಬಿಯ ಕಣ್ಣಿಗೆ ಬಿತ್ತು.

"ಇದನ್ನೇ ಇಟ್ಕೊಳ್ಳಿ ಅಮ್ಮ. ದಿನಾ ಹಾಕೋ ಅಂಗಿ. ಮರೆತ್ರೆ ಬಿಚ್ಚಿ ನೋಡಿದ್ರಾಯ್ತು."

ನರ್ಸಮ್ಮನಿಗೆ ಅದು ಬಲು ಹಿಡಿಸಿತು. ಬಾಯಿ ಸತ್ತವಳು ಅಂದುಕೊಂಡಿದ್ದರೆ ತಲೆ ಇಷ್ಟು ಓಡುತ್ತಲ್ಲ ಎಂದರು. ಗುಬ್ಬಿ ಆ ಮಾತನ್ನು ದಾರಿಯುದ್ದಕ್ಕೂ ನೆನೆಸಿಕೊಂಡು ಬಂದಳು.

ಆಮೇಲೆ ಬಸ್ಸಿನ ಡ್ರೈವರಣ್ಣ, ಮೂಲೆಮನೆಯ ಗಡಿಯಾರ ರಿಪೇರಿಯವರು, ಇಬ್ಬರು ಅಕ್ಕತಂಗಿಯರು ಬ್ರೆಡ್ಡು ಬೇಯಿಸಿ ಮಾರುವ ಮನೆ. ನಂಬರು ಯಾವುದು ಇಡಲಿ ಎಂದವರಿಗೆಲ್ಲ ಗುಬ್ಬಿ ಕಾಲರು ತೋರಿಸಿದಳು. ಡ್ರೈವರಣ್ಣ ಅಂಗಿಯ ಹಿಂಭಾಗವನ್ನು ಮುಂದಕ್ಕೆ ಎಳೆದು ನೋಡಿಕೊಳ್ಳಲು ಹೋಗಿ ಗುಂಡಿ ಕಿತ್ತುಕೊಂಡ. ಆ ಗುಂಡಿಯನ್ನೂ ಅಮ್ಮ ಹೊಲಿದುಕೊಟ್ಟಳು.

ಮನೆಯಲ್ಲಿ ಅಣ್ಣ ಇದನ್ನು ಕೇಳಿ ಅನ್ನದ ತುತ್ತನ್ನು ತಟ್ಟೆಗೆ ಇಳಿಸಿದ. ಆಮೇಲೆ, ಕಂಪನಿಯ ದೊಡ್ಡವರಿಗೂ ಇದು ಹೊಳೆದಿರಲಿಲ್ಲ ಎಂದು ಅತ್ತಿಗೆಗೆ ಹೇಳಿದ. ಅಂಗಡಿಯ ಮೇಜಿನ ಮೇಲೆ ಒಂದು ಸಣ್ಣ ಪೆಟ್ಟಿಗೆ ತಂದು ಕೂರಿಸಿದ. ಯಾರಾದರೂ ಹೊಸ ಕಂಪನಿಯ ಮೂಲಕ ದುಡ್ಡು ಹಾಕಿದರೆ ಅದರೊಳಗಿಂದ ಒಂದು ಹೆಣ್ಣುದನಿ 'ಹಣ ಬಂದಿದೆ' ಎನ್ನುವುದು.

ಪೆಟ್ಟಿಗೆ ಬಂದು ವಾರಗಳು ಕಳೆದವು. ಹೆಣ್ಣುದನಿ ಮಾತ್ರ ಬಾಯಿ ಬಿಡಲಿಲ್ಲ.

ಜನ ಹಾಕಿಕೊಂಡಿದ್ದು ನಿಜ. ಆದರೆ ಹಾಕಿಕೊಂಡವರು ಬಳಸಲಿಲ್ಲ. ನೋಟು ಮೊದಲಿನಂತೆಯೇ ಜೇಬಿನಲ್ಲಿ ಬರುತ್ತಿತ್ತು. ಫೋನಿನಲ್ಲಿ ಕೊಡುವವರು ಹಳೆಯ ಕಂಪನಿಯಲ್ಲೇ ಕೊಡುತ್ತಿದ್ದರು. ನರ್ಸಮ್ಮನನ್ನು ಕೇಳಿದರೆ, "ಹಾಕು ಅಂದೆ, ಹಾಕಿಸ್ಕೊಂಡೆ. ಇನ್ನು ಅದನ್ನ ಒತ್ತಬೇಕು ಬೇರೆನಾ?" ಎಂದರು.

ಅಣ್ಣನ ಮೇಲಿನವನು ಫೋನು ಮಾಡಿದಾಗಲೆಲ್ಲ ಅಣ್ಣ ಹಿತ್ತಲಿಗೆ ಹೋಗುವನು. ಬರುವಾಗ ಮುಖ ಇಷ್ಟು ಚಿಕ್ಕದಾಗಿರುವುದು. ಬರೀ ಸೇರಿಸಿದರೆ ಲೆಕ್ಕಕ್ಕಿಲ್ಲವಂತೆ, ತಿಂಗಳ ಕೊನೆಯೊಳಗೆ ಅವರು ಬಳಸಿರಬೇಕಂತೆ. ಒಂದು ದಿನ ಊಟಕ್ಕೆ ಕುಳಿತಾಗ ಮಾತು ಕಿಡಿಯಾಯಿತು. ಅಣ್ಣ ತಟ್ಟೆ ದೂಡಿ, ಅಪ್ಪ ನೋಟು ತೆಗೆದುಕೊಳ್ಳುವುದನ್ನು ನಿಲ್ಲಿಸಿದರೆ ಎಲ್ಲರೂ ತಾವಾಗೇ ಬದಲಾಗುತ್ತಾರೆ ಎಂದ.

"ಕೊಡೋರ ದುಡ್ಡನ್ನ ಬೇಡ ಅನ್ನಲಾ?" ಎಂದ ಅಪ್ಪ.

"ಮಗನಿಗೋಸ್ಕರ ಒಂದು ತಿಂಗಳು ಅನ್ನಪ್ಪ."

"ಅವರು ಬರೋದು ಬಟ್ಟೆಗೆ ಕಣೋ. ನಿನ್ನ ಕೆಲಸ ಉಳಿಸೋಕಲ್ಲ."

"ಊರವರ ಬಟ್ಟೆಗೆ ಸುಕ್ಕು ಬೀಳಬಾರದು ನಿಂಗೆ. ಮನೆ ಮಗನ ಬಾಳಿಗೆ ಬಿದ್ರೆ ಪರವಾಗಿಲ್ಲ."

ಅಮ್ಮ ಅನ್ನದ ಪಾತ್ರೆಯನ್ನು ಅವರಿಬ್ಬರ ನಡುವೆ ಕುಕ್ಕಿದಳು. ತಿಂದು ಎದ್ದು ಜಗಳ ಆಡಿ ಎಂದಳು. ಅತ್ತಿಗೆ ಅಣ್ಣನ ತಟ್ಟೆಯನ್ನು ಮತ್ತೆ ಅವನ ಮುಂದಕ್ಕೆ ಸರಿಸಿದಳು.

ಆ ಜಗಳದ ಮರುದಿನದಿಂದ ಅಣ್ಣ ಮೆತ್ತಗಾದ. ಗುಬ್ಬಿಯ ಕೈಯಿಂದ ಬಟ್ಟೆಯ ಚೀಲ ಇಸಿದುಕೊಂಡು, ಬಿಸಿಲಿನಲ್ಲಿ ನೀನೇಕೆ ಅಲೆಯುತ್ತೀ, ನಾನೇ ಕೊಟ್ಟುಬರುತ್ತೇನೆ ಎಂದ. ಅಮ್ಮ ಆಶ್ಚರ್ಯದಿಂದ ಸೊಸೆಯ ಮುಖ ನೋಡಿದಳು. ಅಪ್ಪ ಇಸ್ತ್ರಿಯಾದ ಕಟ್ಟುಗಳನ್ನು ಮಗನ ಕೈಗೆ ಕೊಡುವಾಗ ಯಾವ ಮನೆಯವರು ಮಡಿಕೆ ಹೇಗೆ ಕೇಳುತ್ತಾರೆಂದು ಒಂದೊಂದಾಗಿ ಹೇಳಿಕೊಟ್ಟ.

ಮಧ್ಯಾಹ್ನದ ಹೊತ್ತಿಗೆ ಮೇಜಿನ ಮೇಲಿನ ಪೆಟ್ಟಿಗೆ ಬಾಯಿಬಿಟ್ಟಿತು. ಹಣ ಬಂದಿದೆ. ಸ್ವಲ್ಪ ಹೊತ್ತಿಗೆ ಮತ್ತೆ, ಹಣ ಬಂದಿದೆ. ಅಪ್ಪ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಅದನ್ನೇ ನೋಡಿದ. ಅಂತೂ ಹುಡುಗ ಗೆದ್ದ ಎಂದ. ಅಮ್ಮ, "ಬಂದಿದೆ ಬಂದಿದೆ ಅಂತಾಳೆ, ಇವಳ ಕೈಯಲ್ಲಿ ಏನೂ ಕಾಣಲ್ಲ" ಎಂದು ಪೆಟ್ಟಿಗೆಯ ಧೂಳು ಒರೆಸಿದಳು. ಸಂಜೆ ಅತ್ತಿಗೆ ಎಷ್ಟೋ ದಿನಗಳ ಮೇಲೆ ಹಾಡು ಗುನುಗುತ್ತ ಸೊಪ್ಪು ಬಿಡಿಸಿದಳು.

ಗುಬ್ಬಿಗೆ ಒಂದು ಮಾತ್ರ ತಿಳಿಯಲಿಲ್ಲ. ದುಡ್ಡು ಫೋನಿನಲ್ಲಿ ಬರುತ್ತಿದ್ದರೂ ಗಂಟಿನ ಬಟ್ಟೆಗಳ ಜೇಬಿನಲ್ಲಿ ನೋಟು ಮೊದಲಿನಂತೆಯೇ ಇರುತ್ತಿತ್ತು. ಒಂದೇ ಕೆಲಸಕ್ಕೆ ಎರಡು ಸಲ ಯಾರು ಕೊಡುತ್ತಾರೆ? ಅಣ್ಣನನ್ನು ಕೇಳಿದಳು. ಅವನು, ಅದು ಬೇರೆ ಲೆಕ್ಕ, ನಿನಗೆ ಅರ್ಥವಾಗಲ್ಲ ಎಂದ. ಶಾಲೆ ಬಿಟ್ಟವಳಿಗೆ ಆ ಮಾತು ಹೊಸದಲ್ಲ.

ಅಣ್ಣನಿಗೆ ಕಂಪನಿಯಲ್ಲಿ ಸಭೆ ಇದ್ದ ದಿನ ಬಟ್ಟೆ ಕೊಡಲು ಅವಳೇ ಹೋದಳು. ನರ್ಸಮ್ಮ ಬಾಗಿಲು ತೆಗೆದರು. ಒಳಗೆ ಬಾ ಎನ್ನಲಿಲ್ಲ. ಕಟ್ಟನ್ನು ತೆಗೆದುಕೊಂಡು ಹೊಸ್ತಿಲ ಒಳಗೇ ನಿಂತು ಫೋನು ತೋರಿಸಿದರು. ಹೊಸ ಕಂಪನಿಯಿಂದ ಬಂದ ಸಂದೇಶಗಳು. ಸಣ್ಣ ಮೊತ್ತ ಇಸ್ತ್ರಿ ಅಂಗಡಿಗೆ ಹೋಗಿದೆ, ಅದೇ ಮೊತ್ತ ತಿರುಗಿ ಬಂದಿದೆ. ಮತ್ತೆ ಹೋಗಿದೆ, ಮತ್ತೆ ಬಂದಿದೆ.

"ಫೋನ್ ನಿಧಾನ ಆಗಿದೆ, ಸರಿ ಮಾಡಿಕೊಡ್ತೀನಿ ಅಂದ ನಿಮ್ಮಣ್ಣ. ನಾನು ಚಹಾ ಮಾಡೋಕೆ ಒಳಗೆ ಹೋದೆ. ಒಂದು ಕಾಸೂ ಕಮ್ಮಿ ಆಗಿಲ್ಲ, ನೋಡ್ಕೊಂಡಿದ್ದೀನಿ. ಆದ್ರೆ ಇದು ನಾನು ಕಳಿಸಿದ್ದಲ್ಲ."

ಗುಬ್ಬಿ ಆ ಸಂದೇಶಗಳನ್ನು ಇನ್ನೊಮ್ಮೆ ಓದಿದಳು.

"ನನ್ನ ನಂಬರು ಅವನಿಗೆ ಹೆಂಗೆ ಗೊತ್ತಾಯ್ತು ಅಂತ ದಿನವಿಡೀ ಯೋಚ್ನೆ ಮಾಡ್ದೆ. ಆಮೇಲೆ ಅಂಗಿ ಬಿಚ್ಚುವಾಗ ಕಾಣಿಸ್ತು. ಗುಟ್ಟು ಗುಟ್ಟು ಅಂತ, ಕತ್ತಿನ ಹಿಂದೆ ಬರ್ಕೊಂಡು ಊರೆಲ್ಲ ಓಡಾಡ್ತಿದ್ದೀನಿ."

ಅವರು ರೇಗಿ ಹೇಳಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು ಎಂದು ಗುಬ್ಬಿಗೆ ಅನ್ನಿಸಿತು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಉಳಿದ ಕಟ್ಟುಗಳನ್ನು ಕೊಡದೆ ಮನೆಗೆ ಬಂದಳು. ಅಣ್ಣ ಸಭೆ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದ. ಎಲ್ಲರೂ ಊಟಕ್ಕೆ ಕೂರುವವರೆಗೆ ಕಾದು, ನರ್ಸಮ್ಮ ತೋರಿಸಿದ್ದನ್ನು ಹೇಳಿದಳು. ಹೇಳಿ ಮುಗಿಯುವಷ್ಟರಲ್ಲಿ ಅವಳ ತಟ್ಟೆಯ ಅನ್ನ ಆರಿಹೋಗಿತ್ತು.

ಅಣ್ಣ ಇಲ್ಲ ಎನ್ನಲಿಲ್ಲ. ಯಾರ ಕಾಸನ್ನೂ ಮುಟ್ಟಿಲ್ಲ, ಹೋದ ಗಳಿಗೆಯಲ್ಲೇ ಅಂಗಡಿಯ ಖಾತೆಯಿಂದ ತಿರುಗಿ ಹಾಕಿದ್ದೇನೆ, ಯಾರಿಗೂ ನಷ್ಟವಿಲ್ಲ, ಬಳಸಿದಂತೆ ತೋರಿಸಬೇಕಿತ್ತು ಅಷ್ಟೇ ಎಂದ. ಹೇಳುತ್ತ ಹೇಳುತ್ತ ದನಿ ಏರಿತು. "ನಿಮಗೆಲ್ಲ ನಾನು ಕಳ್ಳನ ಥರ ಕಾಣ್ತೀನಾ?"

ಅಮ್ಮ ತನ್ನ ಎರಡು ಬೆರಳುಗಳನ್ನೇ ನೋಡುತ್ತ ಮಾತಾಡಿದಳು. "ನಾನು ದಿನಾ ಊರವರ ಜೇಬಿಗೆ ಕೈ ಹಾಕ್ತೀನಿ ಮಗಾ. ಅವರೇ ಕೊಟ್ಟ ಬಟ್ಟೆ ಅಂತ ಹಾಕ್ತೀನಿ. ಅವರು ಮೈಮೇಲೆ ಹಾಕ್ಕೊಂಡಿರೋ ಅಂಗಿಯ ಜೇಬಿಗೆ ಹಾಕಿದ್ರೆ ಅದನ್ನ ಏನಂತಾರೆ?"

ಅಣ್ಣ ತಲೆ ತಗ್ಗಿಸಿದ. ಆಗ ಅತ್ತಿಗೆ ಮಾತಾಡಿದಳು.

"ತಪ್ಪಾಗಿದೆ ಅತ್ತೆ, ನಾನು ಅಲ್ಲ ಅನ್ನಲ್ಲ. ಆದ್ರೆ ಒಬ್ಬರಿಗೆ ತಾನೇ ಗೊತ್ತಾಗಿರೋದು? ನೀವೇ ಎಲ್ಲರಿಗೂ ಹೇಳ್ಕೊಂಡು ಬಂದ್ರೆ ಇವರ ಕೆಲಸಾನೂ ಹೋಗುತ್ತೆ, ಅಂಗಡೀನೂ ಹೋಗುತ್ತೆ. ಹುಟ್ಟೋ ಮಗೂಗೆ ಏನು ಹಾಕ್ತೀರಿ?"

ಅಪ್ಪ ಊಟ ಅರ್ಧಕ್ಕೆ ಬಿಟ್ಟು ಎದ್ದ. ಅಂಗಡಿಗೆ ಹೋಗಿ ಆರಿದ್ದ ಇಸ್ತ್ರಿಪೆಟ್ಟಿಗೆಯನ್ನು ಸುಮ್ಮನೆ ಬಟ್ಟೆಯಿಂದ ಉಜ್ಜತೊಡಗಿದ. ಗುಬ್ಬಿ ಹಿಂದೆಯೇ ಹೋಗಿ ನಿಂತಳು. ಏನು ಮಾಡುವುದಪ್ಪ ಎಂದಳು. ಅಪ್ಪ ತಿರುಗಿ ನೋಡಲಿಲ್ಲ. "ನಂಗೆ ತೋಚ್ತಾ ಇಲ್ಲಮ್ಮ" ಎಂದ. ಅಪ್ಪ ಹಾಗೆ ಹೇಳಿದ್ದನ್ನು ಅವಳು ಅದುವರೆಗೆ ಕೇಳಿರಲಿಲ್ಲ.

ಮೇಜಿನ ಮೇಲೆ ಅವಳು ಕೊಡದೆ ತಂದ ಕಟ್ಟುಗಳಿದ್ದವು. ಡ್ರೈವರಣ್ಣನದು, ಗಡಿಯಾರದವರದು, ಬ್ರೆಡ್ಡಿನ ಅಕ್ಕತಂಗಿಯರದು. ಎಲ್ಲರ ಕಾಲರಿನೊಳಗೂ ಅವಳದೇ ಅಕ್ಷರ. ಅಣ್ಣ ನಾಳೆಯಿಂದ ಮಾಡದೆ ಇರಬಹುದು. ಆದರೆ ಅಂಗಿಯನ್ನು ಹಗ್ಗದ ಮೇಲೆ ಒಣಗಲು ಹಾಕಿದರೂ ಸಾಕು, ದಾರಿಹೋಕನಿಗೂ ಓದಲು ಬರುತ್ತದೆ. ಆ ಮಸಿ ಅಳಿಸುವುದಿಲ್ಲ. ಬದಲಾಗಬೇಕಾದದ್ದು ಫೋನಿನೊಳಗಿನ ಗುಟ್ಟಿನ ನಂಬರು. ಬದಲಾಯಿಸಿ ಎಂದರೆ ಏಕೆ ಎಂದು ಕೇಳಿಯೇ ಕೇಳುತ್ತಾರೆ.

ಬೆಳಗಾದ ಮೇಲೆ ಅವಳು ಚೀಲ ಹೆಗಲಿಗೆ ಹಾಕಿಕೊಂಡಳು. ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ಅಡ್ಡ ನಿಂತಳು. ಗುಬ್ಬಿಯ ಮುಖ ನೋಡಿದಳು. "ನಿಂಗೆ ಮಾತಾಡೋಕೇ ಬರಲ್ವಲ್ಲೇ" ಎಂದಳು. ಅದು ಬೈಗುಳವಾಗಿರಲಿಲ್ಲ, ಬೇಡಿಕೆಯಾಗಿತ್ತು. ಗುಬ್ಬಿ ಅತ್ತಿಗೆಯ ಕೈಯನ್ನು ಒಮ್ಮೆ ಹಿಡಿದು ಬಿಟ್ಟು ಪಕ್ಕದಿಂದ ಹೋದಳು. ಅಪ್ಪ ಕಂಡೂ ತಡೆಯಲಿಲ್ಲ.

ಪ್ರತಿ ಮನೆಯಲ್ಲೂ ಒಂದೇ ಮಾತು ಹೇಳಿದಳು. ಆ ನಂಬರು ಇಡಿ ಅಂದದ್ದು ನನ್ನ ತಪ್ಪು. ಅಣ್ಣ ಅದನ್ನು ನೋಡಿ ನಿಮ್ಮ ಫೋನಿನಿಂದ ದುಡ್ಡು ಕಳಿಸಿ ತಿರುಗಿ ಹಾಕಿದ್ದಾನೆ. ಈಗಲೇ ಬದಲಾಯಿಸಿ. ಹೊಸದು ಏನೆಂದು ನನಗೂ ಹೇಳಬೇಡಿ. ಹೇಳಿ ಮುಗಿಸಿ ಗೋಡೆಯ ಕಡೆ ತಿರುಗಿ ನಿಲ್ಲುವಳು, ಅವರು ಒತ್ತಿ ಮುಗಿಸುವವರೆಗೆ.

ಡ್ರೈವರಣ್ಣ, ನನ್ನ ಖಾತೆಯಲ್ಲಿ ಕದಿಯೋಕೆ ಏನಿದೆ ಎಂದು ನಕ್ಕ. ಆದರೂ ಬದಲಾಯಿಸಿದ. ಬ್ರೆಡ್ಡಿನ ಮನೆಯ ಅಕ್ಕ ಕೈಯಲ್ಲಿದ್ದ ಹಿಟ್ಟನ್ನು ಒರೆಸಿಕೊಂಡು, ಒಗೆಯದೆ ಅಂಗಡಿಯಲ್ಲಿ ಉಳಿದಿದ್ದ ಬಟ್ಟೆಯನ್ನೂ ವಾಪಸು ತಂದುಕೊಡು ಎಂದಳು. ಗಡಿಯಾರದವರು ಕಣ್ಣಿನ ಮಸೂರವನ್ನೂ ತೆಗೆಯದೆ ಅವಳನ್ನು ನೋಡಿದರು. ನಿಮ್ಮಪ್ಪನಿಗೆ ಗೊತ್ತಾ, ನೀನು ಬಂದಿರೋದು ಎಂದು ಕೇಳಿದರು. ಗೊತ್ತು ಎಂದಳು. ಅವರು ತಲೆಯಾಡಿಸಿ ಮತ್ತೆ ಕೆಲಸಕ್ಕೆ ಬಾಗಿದರು.

ನರ್ಸಮ್ಮ ಈ ಸಲ ಒಳಗೆ ಕರೆದರು. ನೀರು ಕೊಟ್ಟರು. "ನೀನು ಹೇಳ್ದೆ ಹೋಗಿದ್ರೂ ನಾನೇನೂ ಅಂತಿರಲಿಲ್ಲ" ಎಂದರು. ಗುಬ್ಬಿ ನೀರು ಕುಡಿದು ಲೋಟವನ್ನು ತೊಳೆದಿಟ್ಟು ಬಂದಳು.

ಅಣ್ಣನ ಕೆಲಸ ಆ ವಾರವೇ ಹೋಯಿತು. ಯಾರು ದೂರಿದರೋ ತಿಳಿಯಲಿಲ್ಲ, ಅವನೂ ಕೇಳಲಿಲ್ಲ. ಪಟ್ಟಿ, ಚೀಲ ಎಲ್ಲ ಕೊಟ್ಟುಬಂದ. ಪೆಟ್ಟಿಗೆಯನ್ನು ಮಾತ್ರ ಕಂಪನಿಯವರು ಬಿಟ್ಟುಬಿಟ್ಟರು. ಗುಬ್ಬಿಯ ಜೊತೆ ಅವನು ಮಾತು ಬಿಟ್ಟ. ಅತ್ತಿಗೆ ಬಡಿಸುವಾಗ ಅವಳ ತಟ್ಟೆಗೆ ಮೊದಲಿನಷ್ಟೇ ಹಾಕುತ್ತಿದ್ದಳು, ಮುಖ ನೋಡುತ್ತಿರಲಿಲ್ಲ.

ಕೆಲವು ಮನೆಗಳ ಬಟ್ಟೆ ನಿಂತೇಹೋಯಿತು. ಉಳಿದವರದು ಬಂತು. ಒಂದು ಬೆಳಗ್ಗೆ ಗುಬ್ಬಿ ತಂದ ಗಂಟುಗಳನ್ನು ಅಮ್ಮ ಬಿಚ್ಚಿದಳು. ಮೊದಲ ಅಂಗಿ ಎತ್ತಿ ಎರಡು ಬೆರಳು ಚಾಚಿದವಳು ಹಾಗೆಯೇ ನಿಂತಳು. ಪಕ್ಕದ ಜೇಬು ಹೊರಕ್ಕೆ ಮಗುಚಿಕೊಂಡಿತ್ತು. ಎರಡನೆಯದು ಡ್ರೈವರಣ್ಣನ ಪ್ಯಾಂಟು. ಅದರ ಜೇಬುಗಳೂ ಎರಡು ಕಿವಿಗಳಂತೆ ಹೊರಗೆ ಜೋತಾಡುತ್ತಿದ್ದವು. ಅವುಗಳ ಕೆಳಗೆ ನರ್ಸಮ್ಮನ ಬಿಳಿ ಅಂಗಿಗಳು. ಅವುಗಳದೂ ಅಷ್ಟೇ. ಯಾವ ಗಂಟಿನಲ್ಲೂ ನೋಟಿರಲಿಲ್ಲ.

ಮೇಜಿನ ಮೇಲಿನ ಪೆಟ್ಟಿಗೆ ಮಾತಾಡಿತು. ಹಣ ಬಂದಿದೆ. ಅಪ್ಪ ಅಣ್ಣನ ಕಡೆ ನೋಡಿದ, ಅಣ್ಣ ಗೋಡೆಗೊರಗಿ ಬರಿಗೈಯಲ್ಲಿ ಕುಳಿತಿದ್ದ. ಸ್ವಲ್ಪ ಹೊತ್ತಿಗೆ ಮತ್ತೊಂದು ಸಲ. ಹಣ ಬಂದಿದೆ. ಈಗ ಕಳಿಸುತ್ತಿದ್ದವರು ಅವರೇ, ಅವರವರ ಹೊಸ ನಂಬರು ಒತ್ತಿ, ಅವರವರ ಮನೆಯಿಂದ. ಜೇಬಿನಲ್ಲಿ ದುಡ್ಡು ಬಿಟ್ಟು ಕಳಿಸುವ ಧೈರ್ಯ ಇನ್ನು ಯಾರಿಗೂ ಇರಲಿಲ್ಲ. ಅಣ್ಣ ಬೇಡಿ ಬೇಡಿ ಆಗದ್ದು ಹೀಗೆ ಆಗಿತ್ತು.

ಅಮ್ಮ ಅಂಗಿಯನ್ನು ಹಿಡಿದುಕೊಂಡು ನಿಂತೇ ಇದ್ದಳು. ಅವಳ ಕೈಗಳಿಗೆ ಏನು ಮಾಡಬೇಕೆಂದು ತಿಳಿದಂತಿರಲಿಲ್ಲ.

"ಒಳಗೆ ತಳ್ಳಿಕೊಡು. ಹಂಗೇ ಇಸ್ತ್ರಿ ಆದ್ರೆ ಗೆರೆ ಬೀಳುತ್ತೆ" ಎಂದ ಅಪ್ಪ, ಯಾರಿಗೆಂದು ಹೇಳದೆ.

ಅಣ್ಣ ಎದ್ದ. ಅಮ್ಮನ ಕೈಯಿಂದ ಅಂಗಿಯನ್ನು ತೆಗೆದುಕೊಂಡ. ಜೇಬನ್ನು ಒಳಕ್ಕೆ ತಳ್ಳಿ, ಎರಡು ಬೆರಳು ಇಳಿಬಿಟ್ಟು, ತಳದ ಹೊಲಿಗೆಯ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಸವರಿದ. ಏನೂ ಇರಲಿಲ್ಲ. ಅಂಗಿಯನ್ನು ಮೇಜಿನ ಮೇಲಿಟ್ಟು, ಇನ್ನೊಂದಕ್ಕಾಗಿ ಗುಬ್ಬಿಯ ಕಡೆ ಕೈ ಚಾಚಿದ. ಗುಬ್ಬಿ ಡ್ರೈವರಣ್ಣನ ಪ್ಯಾಂಟನ್ನು ಎತ್ತಿ ಕೊಟ್ಟಳು.